ವಿದ್ಯಾಋಣವೂ ಹಳೆಯ ವಿದ್ಯಾರ್ಥಿಗಳೂ

ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದವನಿಗೆ ಸ್ನಾತಕನೆಂಬ ಹೆಸರು ಈಗ ರೂಢಿಯಾಗಿದೆಯಷ್ಟೆ. ದಿನವೂ ಬಾಯಲ್ಲಿ ಆಡುವ ಈ ಶಬ್ದದ ಅರ್ಥವನ್ನು ವಿಚಾರಿಸಿದವರು ವಿರಳ. ಸ್ನಾತಕನೆಂದರೆ ಮಿಂದವನು. ಗುರುಕುಲವಾಸವನ್ನು ಮುಗಿಸಿ, ಸಮಾವರ್ತನ ಸಂಸ್ಕಾರದಲ್ಲಿ ಸ್ನಾನಮಾಡಿ, ಮನೆಗೆ ಹಿಂದಿರುಗುವ ಬ್ರಹ್ಮಚಾರಿಗೆ ಈ ಹೆಸರು ಸಲ್ಲುತ್ತಿತ್ತು. ಆದರೆ ಮಿಂದ ಮಾತ್ರಕ್ಕೆ ವಿದ್ಯೆಯ ಋಣ ಹರಿಯಿತೆಂದು ಪೂರ್ವಿಕರು ಎಣಿಸಲಿಲ್ಲ. ದೇವಋಣ, ಪಿತೃಋಣ, ಋಷಿಋಣಗಳೆಂಬ ಮೂರರಲ್ಲಿ ಕಡೆಯದನ್ನು ತೀರಿಸಲು, ಕಲಿತುದನ್ನು ಬಾಡಗೊಡದೆ ಮತ್ತೊಬ್ಬರಿಗೆ ದಾಟಿಸುವುದೇ ದಾರಿಯೆಂದು ಅವರು ತಿಳಿದಿದ್ದರು. ನಾವು ಮೂವತ್ತೈದು ವರ್ಷ ಪಾಠ ಹೇಳಿದ್ದೇವೆ, ನಿಜ. ಸಂಬಳ ತೆಗೆದುಕೊಂಡು ಹೇಳಿದ ಪಾಠವು ಈ ಲೆಕ್ಕಕ್ಕೆ ಸೇರುವುದೊ ಇಲ್ಲವೊ ಎಂಬುದನ್ನು ಧರ್ಮಶಾಸ್ತ್ರಜ್ಞರೇ ನಿರ್ಣಯಿಸಬೇಕು.

ಒಂದೇ ವಿಶ್ವವಿದ್ಯಾನಿಲಯದಲ್ಲಿ ಓದಿದವರು ನಮ್ಮೂರಿನಲ್ಲಿ ನಲವತ್ತು ಮಂದಿ ಇದ್ದೇವೆ. ನಮ್ಮದೊಂದು ಹಳೆಯ ವಿದ್ಯಾರ್ಥಿಗಳ ಸಂಘವುಂಟು. ವರ್ಷಕ್ಕೊಂದು ಸಭೆ, ಉಪ್ಪಿಟ್ಟು, ಕೇಸರಿಭಾತು, ಯಾರಾದರೊಬ್ಬ ಹಿರಿಯರಿಗೆ ಶಾಲು, ಎಲ್ಲರೂ ಸಾಲಾಗಿ ನಿಂತು ಒಂದು ಛಾಯಾಚಿತ್ರ. ಚಂದಾ ಹಣವನ್ನು ಇನ್ನೂರರಿಂದ ಮುನ್ನೂರಕ್ಕೆ ಏರಿಸಬೇಕೆ ಬೇಡವೆ ಎಂಬ ಚರ್ಚೆಗೆ ಮೂರು ಸಭೆಗಳು ಹಿಡಿದುವು. ವಾಚಕರಲ್ಲಿ ಅನೇಕರು ಇಂಥ ಸಂಘಗಳ ಸದಸ್ಯರಾಗಿರುವುದರಿಂದ ಹೆಚ್ಚಿಗೆ ವರ್ಣಿಸಬೇಕಾದುದಿಲ್ಲ.

ಪದವೀಧರರ ಕೂಟವು ಬೇರೆ ಬಗೆಯಲ್ಲಿಯೂ ನಡೆಯಬಹುದೆಂಬುದಕ್ಕೆ ಹಳೆಯ ದೃಷ್ಟಾಂತಗಳಿಲ್ಲದಿಲ್ಲ. ಲಂಡನ್ ನಗರದ ಪೂರ್ವಭಾಗದಲ್ಲಿ ವೈಟ್‌ಚಾಪೆಲ್ ಎಂಬುದು ಆ ಕಾಲಕ್ಕೆ ಕಡುಬಡವರ ಕೇರಿಯಾಗಿತ್ತು. ಅಲ್ಲಿಯ ಪಾದ್ರಿಗಳಾಗಿದ್ದ ಸ್ಯಾಮ್ಯುಯೆಲ್ ಬಾರ್ನೆಟ್ ಎಂಬವರೂ ಅವರ ಪತ್ನಿ ಹೆನ್ರಿಯೆಟಾ ಅವರೂ ಕೂಡಿ 1884ರಲ್ಲಿ ಟಾಯನ್‌ಬಿ ಹಾಲ್ ಎಂಬ ನಿವಾಸವನ್ನು ಸ್ಥಾಪಿಸಿದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಓದು ಮುಗಿಸಿದ ತರುಣರು ಆ ಕೇರಿಯಲ್ಲಿಯೇ ಬಂದು ವಾಸಮಾಡಿ, ಹಗಲು ತಮ್ಮ ಉದ್ಯೋಗವನ್ನು ನೋಡಿಕೊಂಡು, ಸಂಜೆ ನೆರೆಹೊರೆಯವರಿಗೆ ಪಾಠ ಹೇಳುವುದು, ವ್ಯಾಜ್ಯಗಳಲ್ಲಿ ಸಲಹೆ ಕೊಡುವುದು ಮೊದಲಾದ ಕೆಲಸಗಳನ್ನು ಮಾಡುತ್ತಿದ್ದರು. ದೂರದಿಂದ ಹಣ ಕಳುಹಿಸಿ ಕೈತೊಳೆದುಕೊಳ್ಳುವುದು ಸಾಲದು, ಹತ್ತಿರ ಬಂದು ಕುಳಿತುಕೊಳ್ಳಬೇಕು ಎಂಬುದು ಬಾರ್ನೆಟರ ಅಭಿಪ್ರಾಯ. ಕೊಡುವವರೂ ಅಲ್ಲಿ ಕಲಿತರು. 1942ರಲ್ಲಿ ಇಂಗ್ಲೆಂಡಿನ ಸಾಮಾಜಿಕ ವಿಮೆಯ ವರದಿಯನ್ನು ಬರೆದ ವಿಲಿಯಂ ಬೆವರಿಜ್, ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಅಲ್ಲಿಯ ಪ್ರಧಾನಿಯಾಗಿದ್ದ ಕ್ಲೆಮೆಂಟ್ ಆಟ್ಲೀ, ಇಬ್ಬರೂ ತಾರುಣ್ಯದಲ್ಲಿ ಕೆಲಕಾಲ ಆ ನಿವಾಸದಲ್ಲಿ ಕೆಲಸಮಾಡಿದವರು. ಅಮೆರಿಕದ ಜೇನ್ ಆಡಮ್ಸ್ ಎಂಬಾಕೆ ಅದನ್ನು ಕಣ್ಣಾರೆ ನೋಡಿಹೋಗಿ 1889ರಲ್ಲಿ ಷಿಕಾಗೊ ನಗರದಲ್ಲಿ ಹಲ್ ಹೌಸನ್ನು ಆರಂಭಿಸಿದರು.

ನಮ್ಮಲ್ಲಿಯೂ 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಚರಿತ್ರೆ, ಆರೋಗ್ಯ ಮುಂತಾದ ವಿಷಯಗಳನ್ನು ತಿಳಿಸುವಂತೆ ಮಾಡಿತು. ಆ ಉಪನ್ಯಾಸಗಳು ಸಣ್ಣ ಸಣ್ಣ ಪುಸ್ತಕಗಳಾಗಿ ಅಲ್ಪ ಬೆಲೆಗೆ ದೊರೆಯುತ್ತಿದ್ದುವು. ನಮ್ಮ ತಂದೆಯವರ ಪೆಟ್ಟಿಗೆಯಲ್ಲಿ ಅಂಥವು ಹತ್ತಾರು ಇದ್ದುವು. ನಾವು ಮೊದಲು ಓದಿದ ಖಗೋಳಶಾಸ್ತ್ರ ಅವುಗಳಲ್ಲೊಂದು.

ಇನ್ನು ನಮ್ಮ ಸಂಘದ ಸಂಗತಿ. ಎರಡು ವರ್ಷಗಳ ಹಿಂದೆ ವಾರ್ಷಿಕ ಸಭೆಯ ದಿನ, ಉಪಾಹಾರ ಮುಗಿಯುವ ಹೊತ್ತಿಗೆ, ಬಿ.ಎ. ತರಗತಿಯಲ್ಲಿ ಓದುವ ಹುಡುಗನೊಬ್ಬ ತಾಯಿಯ ಭುಜವನ್ನು ಹಿಡಿದುಕೊಂಡು ಬಂದ. ಹುಟ್ಟಿನಿಂದಲೇ ಅವನಿಗೆ ದೃಷ್ಟಿಯಿಲ್ಲ. ಹಣ ಕೇಳಲು ಬಂದಿರಬೇಕೆಂದು ನಮ್ಮ ಕೋಶಾಧ್ಯಕ್ಷರು ಜೇಬನ್ನು ಮುಟ್ಟಿ ನೋಡಿಕೊಂಡರು. ಅವನು ಕೇಳಿದುದು ಬೇರೆ. “ಚರಿತ್ರೆಯ ಪುಸ್ತಕಗಳು ಬ್ರೈಲ್ ಲಿಪಿಯಲ್ಲಿ ನನಗೆ ಸಿಕ್ಕಿಲ್ಲ. ಅಮ್ಮನಿಗೆ ಓದಲು ಬಾರದು. ವಾರಕ್ಕೆ ಒಂದೆರಡು ಗಂಟೆ ಯಾರಾದರೂ ಓದಿ ಹೇಳುವಿರಾ?” ಎಂದ. ಸಭೆಯಲ್ಲಿ ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಆಮೇಲೆ ಆರು ಮಂದಿ ಹೆಸರು ಕೊಟ್ಟೆವು.

ನಾಲ್ಕನೆಯ ವಾರಕ್ಕೆ ಆರು ಮಂದಿ ಮೂವರಾದರು. ಇದನ್ನು ಮುಚ್ಚಿಡುವುದು ಸರಿಯಲ್ಲ. ಮೂವರಲ್ಲಿ ಉಳಿದ ನಾವೂ ಒಂದು ಗುರುವಾರ, ನೆಂಟರ ಮನೆಯ ನಾಮಕರಣವೆಂದು ಹೊರಟವರು, ಅವನಿಗೆ ಹೇಳಿಕಳುಹಿಸಲು ಮರೆತೆವು. ಹುಡುಗ ಎರಡು ಬಸ್ಸು ಬದಲಿಸಿ ಬಂದು, ವಾಚನಾಲಯದ ಜಗಲಿಯ ಮೇಲೆ ಕತ್ತಲಾಗುವವರೆಗೂ ಕುಳಿತಿದ್ದು ಹೋದನಂತೆ. ಕಾವಲುಗಾರನು ಹೇಳಿದಾಗಲೇ ನಮಗೆ ತಿಳಿದದ್ದು. ಮುಂದಿನ ವಾರ ಅವನು ದೂರಲಿಲ್ಲ. “ಮೇಷ್ಟ್ರೇ, ಮೈಗೆ ಹುಷಾರಿರಲಿಲ್ಲವೇ?” ಎಂದು ಕೇಳಿದ. ಮೂವತ್ತೈದು ವರ್ಷ ಹುಡುಗರ ಗೈರುಹಾಜರಿಯನ್ನು ಗುರುತುಹಾಕಿದ ಕೈ ನಮ್ಮದು. ಆ ದಿನ ಉತ್ತರ ಹೇಳಲು ನಾಲಗೆ ಏಳಲಿಲ್ಲ.

ಅಂದಿನಿಂದ ಒಂದು ಕಟ್ಟುಪಾಡು ಮಾಡಿಕೊಂಡೆವು. ಪ್ರತಿ ದಿನಕ್ಕೂ ಇಬ್ಬರ ಹೆಸರು. ಒಬ್ಬರಿಗೆ ಅಡ್ಡಿ ಬಂದರೆ ಇನ್ನೊಬ್ಬರು. ಇಬ್ಬರಿಗೂ ಆಗದಿದ್ದರೆ ಹಿಂದಿನ ರಾತ್ರಿಯೇ ದೂರವಾಣಿಯಲ್ಲಿ ತಿಳಿಸತಕ್ಕದ್ದು. ತಿಂಗಳಿಗೆ ಹತ್ತು ಗಂಟೆ ಕೊಡುತ್ತೇನೆಂದು ಉತ್ಸಾಹದಿಂದ ಹೇಳಿ ತಪ್ಪುವವರಿಗಿಂತ ವಾರಕ್ಕೊಂದು ಗಂಟೆಯನ್ನು ತಪ್ಪದೆ ಕೊಡುವವರು ನಮಗೆ ಬೇಕಾದವರು. ಸೇವೆಯೆಂದು ಹೊರಡುವ ಸಂಘಗಳು ಸೋಲುವುದು ಹಣದ ಕೊರತೆಯಿಂದಲ್ಲ, ಈ ಗುರುವಾರಗಳಿಂದ ಎಂದು ನಮಗೆ ತೋರುತ್ತದೆ.

ಓದಿ ಹೇಳುವುದು ಸುಲಭವೆಂದು ನಾವು ತಿಳಿದಿದ್ದೆವು. ಅದರಲ್ಲಿಯೂ ಕಲಿಯತಕ್ಕದ್ದುಂಟು. ಪುಟದ ಸಂಖ್ಯೆಯನ್ನು ಹೇಳಬೇಕು. ಅಡಿಟಿಪ್ಪಣಿ ಬಂದರೆ ಅದು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಿತೆಂದು ತಿಳಿಸಬೇಕು. ಪರದೇಶದ ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸಬೇಕು. ಭೂಪಟವಿದ್ದಲ್ಲಿ ಯಾವುದು ಯಾವುದಕ್ಕೆ ಉತ್ತರ, ಯಾವುದು ದಕ್ಷಿಣ ಎಂದು ಮಾತಿನಲ್ಲಿ ಬರೆದು ತೋರಿಸಬೇಕು. ನಮಗಂತು ಪ್ರತಿ ವಾಕ್ಯಕ್ಕೂ ವ್ಯಾಖ್ಯಾನ ಮಾಡುವ ಚಟ. ಕೊನೆಗೆ ಅವನೇ, “ಮೇಷ್ಟ್ರೇ, ಪುಸ್ತಕದಲ್ಲಿ ಇರುವುದಿಷ್ಟನ್ನು ಮೊದಲು ಓದಿಬಿಡಿ, ನಿಮ್ಮದು ಆಮೇಲೆ ಇರಲಿ” ಎಂದ. ಓದುವಾಗಲೇ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ, ಅಧ್ಯಾಯಕ್ಕೊಂದರಂತೆ ಬೇರೆ ಬೇರೆ ಹೆಸರಿಟ್ಟು ಕೊಟ್ಟರೆ ಪರೀಕ್ಷೆಯ ಹಿಂದಿನ ದಿನ ಅವನು ತಾನೇ ಕೇಳಿಕೊಳ್ಳಬಹುದು.

ಹಾಗೆ ಮುದ್ರಿಸಿಕೊಳ್ಳುವುದು ಗ್ರಂಥಕರ್ತರ ಹಕ್ಕಿಗೆ ಭಂಗವಲ್ಲವೆ ಎಂದು ಸದಸ್ಯರಾದ ವಕೀಲರೊಬ್ಬರು ಆಕ್ಷೇಪಿಸಿದರು. ಮರುವಾರ ತಾವೇ ಕಾನೂನನ್ನು ಓದಿಕೊಂಡು ಬಂದು ಸಮಾಧಾನ ಹೇಳಿದರು. 2012ರ ತಿದ್ದುಪಡಿಯಂತೆ, ವಿಕಲಚೇತನರ ಉಪಯೋಗಕ್ಕಾಗಿ ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಅವಕಾಶವಿದೆ. ಇದೇ ಉದ್ದೇಶಕ್ಕಾಗಿ 2013ರಲ್ಲಿ ಮರ್ರಾಕೆಷ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ಎಲ್ಲಕ್ಕಿಂತ ಮೊದಲು, 2014ರಲ್ಲಿ, ಅನುಮೋದಿಸಿದ ದೇಶ ನಮ್ಮದು.

ಮನೆ ಬಿಟ್ಟು ಹೊರಡಲಾರದ ಪದವೀಧರೆಯರಾದ ಗೃಹಿಣಿಯರಿಗೆ ಒಪ್ಪುವ ಕೆಲಸವೂ ಇದರಲ್ಲಿಯೇ ಹುಟ್ಟಿತು. ತೆರೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಆದರೆ ಪುಟದ ಚಿತ್ರವನ್ನು ಮಾತ್ರ ತೆಗೆದಿಟ್ಟರೆ ಅವಕ್ಕೆ ಅದು ಬರಿಯ ಚಿತ್ರ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳೂ ಅಷ್ಟೆ. ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಕಿವಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ಕ್ರಮದಲ್ಲಿ ಬೆರಳಚ್ಚು ಮಾಡಿದರೆ ಮಾತ್ರ ಪುಸ್ತಕಕ್ಕೆ ಬಾಯಿ ಬರುತ್ತದೆ. ನಮ್ಮ ಸಂಘದ ಇಬ್ಬರು ಮಹಿಳೆಯರು ಮಧ್ಯಾಹ್ನದ ಹೊತ್ತಿನಲ್ಲಿ ದಿನಕ್ಕೆ ಮೂರು ಪುಟದಂತೆ ಮಾಡಿ ಒಂದು ವರ್ಷದಲ್ಲಿ ಎರಡು ಪಠ್ಯಪುಸ್ತಕಗಳನ್ನು ಪೂರೈಸಿದ್ದಾರೆ. ಒತ್ತಕ್ಷರ ತಪ್ಪಿದರೆ ತಿದ್ದುವ ಭಾರ ನಮ್ಮದು.

ಪರೀಕ್ಷೆ ಬಂತು. ಅವನು ಹೇಳಿದುದನ್ನು ಬರೆಯುವವರು ಬೇಕಾದರು. ನಿವೃತ್ತ ಇಂಜಿನಿಯರೊಬ್ಬರು ತಾವೇ ಬರೆಯುವೆನೆಂದು ಮುಂದಾದರು, ನಿಯಮ ಒಪ್ಪಲಿಲ್ಲ. ಕೇಂದ್ರ ಸರ್ಕಾರವು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಅಭ್ಯರ್ಥಿಯು ತಾನೇ ಲಿಪಿಕಾರನನ್ನು ಕರೆತಂದರೆ ಅವನ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕಾಗಿತ್ತು. ಗಂಟೆಯೊಂದಕ್ಕೆ 20 ನಿಮಿಷಕ್ಕೆ ಕಡಮೆಯಿಲ್ಲದಂತೆ ಹೆಚ್ಚಿನ ಕಾಲವನ್ನೂ ಅದು ವಿಧಿಸಿತು. ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆಯಾಯಿತು. ಇಂಥ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿ ಹೊಂದುವುದರಿಂದ ಪರೀಕ್ಷೆ ನಡೆಸುವವರನ್ನೇ ತಿಂಗಳ ಮೊದಲು ಕೇಳಿಕೊಳ್ಳುವುದು ಕ್ಷೇಮ. ಅಂತು ಪದವೀಧರರಾದ ನಾವಾರೂ ಕೆಲಸಕ್ಕೆ ಬಾರದೆ, ಇಂಜಿನಿಯರ ಮೊಮ್ಮಗಳು, ಪಿ.ಯು.ಸಿ. ಓದುವ ಹುಡುಗಿ, ಒಪ್ಪಿಕೊಂಡಳು. ನಾವು ಎರಡು ಭಾನುವಾರ ಅವರಿಬ್ಬರನ್ನೂ ಎದುರುಬದುರು ಕೂರಿಸಿ ಅಭ್ಯಾಸ ಮಾಡಿಸಿದೆವು. ಹೇಳಿದಷ್ಟನ್ನೇ ಬರೆಯಬೇಕು, ಒಂದಕ್ಷರವನ್ನೂ ತಾನಾಗಿ ಸೇರಿಸಬಾರದು, ಮುಖದಲ್ಲಿ ಕೂಡ ಅಲ್ಲ ಎಂದು ನಾವು ಹೇಳಿದಾಗ ಹುಡುಗನೇ ನಕ್ಕುಬಿಟ್ಟ: “ಮುಖವನ್ನು ಹೇಗಾದರೂ ಮಾಡಿಕೊಳ್ಳಲಿ, ಮೇಷ್ಟ್ರೇ!”

ಚರಿತ್ರೆಯ ಪರೀಕ್ಷೆಯ ದಿನ ಹುಡುಗಿ ಹೊರಗೆ ಬಂದವಳು ಅಳುವ ಹಾಗಿದ್ದಳು. ಟಿಪ್ಪು ಮಡಿದು ಶ್ರೀರಂಗಪಟ್ಟಣ ಬಿದ್ದದ್ದು 1792ರಲ್ಲಿ ಎಂದು ಅವನು ಹೇಳಿದ್ದನಂತೆ. 1799 ಎಂಬುದು ಅವಳಿಗೆ ಗೊತ್ತು. “ಹೇಳಿದ ಹಾಗೆಯೇ ಬರೆದೆ, ತಾತ. ಸರಿಯೇ?” ಎಂದು ನಮ್ಮನ್ನು ಕೇಳಿದಳು. ಸರಿಯೆಂದೆವು, ಆದರೆ ಮನಸ್ಸಿಗೆ ಅಷ್ಟು ಹಗುರವಾಗಲಿಲ್ಲ. ಸಂಜೆ ಹುಡುಗನಿಗೆ ತಿಳಿದಾಗ ತಲೆ ಚಚ್ಚಿಕೊಂಡ. “1792 ಒಪ್ಪಂದದ ವರ್ಷವಲ್ಲವೆ! ಅವಳು ತಿದ್ದಿದ್ದರೆ ಉಳಿದ ಉತ್ತರಗಳೂ ನನ್ನವೆಂದು ನಾನು ಹೇಗೆ ಹೇಳಿಕೊಳ್ಳಲಿ?” ಎಂದ. ಫಲಿತಾಂಶದಲ್ಲಿ ದ್ವಿತೀಯ ದರ್ಜೆ ಬಂತು.

ಓದಿ ಬರೆಯುವ ಕೆಲಸ ಒಗ್ಗದವರಿಗೆ ಬೇರೆ ದಾರಿಗಳಿಗೇನೂ ಬರವಿಲ್ಲ. ವಕೀಲ ಸದಸ್ಯರು ತಿಂಗಳಿಗೊಮ್ಮೆ ಹತ್ತಿರದ ಹಳ್ಳಿಗೆ ಹೋಗಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಸ್ತ್ರೀಯರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ವರಮಾನವನ್ನು ನೋಡದೆ ಉಚಿತವಾಗಿ ವಕೀಲರು ದೊರೆಯುತ್ತಾರೆಂಬುದನ್ನು ತಿಳಿಸಿಬರುತ್ತಾರೆ. ಇಷ್ಟು ತಿಳಿಯದೆ ಜಮೀನನ್ನು ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ರಕ್ತದಾನವು ತರುಣ ಸದಸ್ಯರ ಪಾಲು. ಅರವತ್ತು ದಾಟಿದವರು ಮೊದಲ ಸಲಕ್ಕೆ ಹೋದರೆ ಒಪ್ಪುವುದಿಲ್ಲವೆಂದು ನಮ್ಮನ್ನು ಒಮ್ಮೆ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದರು.

ಹುಡುಗ ಈಗ ಎಂ.ಎ. ತರಗತಿಗೆ ಸೇರಿದ್ದಾನೆ. ಅವನೇ ಕರೆತಂದ ಇನ್ನಿಬ್ಬರು ವಿದ್ಯಾರ್ಥಿಗಳು ಇದ್ದಾರೆ. ಒಬ್ಬಳಿಗೆ ಅರ್ಥಶಾಸ್ತ್ರ, ಇನ್ನೊಬ್ಬನಿಗೆ ಸಂಸ್ಕೃತ. ಸಂಸ್ಕೃತವನ್ನು ನಾವು ವಹಿಸಿಕೊಂಡಿದ್ದೇವೆ. ಮಂಗಳವಾರಕ್ಕೂ ಗುರುವಾರಕ್ಕೂ ಇಬ್ಬಿಬ್ಬರಂತೆ ಹೆಸರು ತುಂಬಿದೆ. ಶನಿವಾರದ ಅರ್ಥಶಾಸ್ತ್ರಕ್ಕೆ ಒಬ್ಬರೇ ಇದ್ದಾರೆ; ಅವರಿಗೆ ಅಡ್ಡಿ ಬಂದರೆ ಓದುವವರು ಇನ್ನೂ ದೊರೆತಿಲ್ಲ.