ವಕೀಲರ ಫೀಜಿಲ್ಲದೆ ತಂಗಿಗೆ ಹೊಲ ಸಿಕ್ಕಿತು

ನನ್ನದು ದೇವದುರ್ಗ ತಾಲೂಕಿನಲ್ಲಿ ಆರು ಎಕರೆ ಖುಷ್ಕಿ ಹೊಲ. ತೊಗರಿ, ಹತ್ತಿ, ಸಜ್ಜೆ ಬಿತ್ತುತ್ತೇನೆ. ಓದಿದ್ದು ಏಳನೇ ಇಯತ್ತೆ. ಹಿಂದೊಮ್ಮೆ ಒಡ್ಡಿನ ತಂಟೆಯಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿ, ಖರ್ಚಿಗೆ ಜೋಡೆತ್ತು ಮಾರಿದವ ನಾನು. ಅಂದಿನಿಂದ ಕೋರ್ಟು ಅಂದ್ರೆ ರೊಕ್ಕ ಇದ್ದವರಿಗೆ ಎಂದೇ ತಿಳಿದಿದ್ದೆ.

ಮಾನ್ವಿ ತಾಲೂಕಿಗೆ ಕೊಟ್ಟ ನನ್ನ ತಂಗಿಯ ಗಂಡ ತೀರಿಕೊಂಡ. ಅವನ ಪಾಲಿನ ಮೂರು ಎಕರೆಯನ್ನು ಮೈದುನರು ತಾವೇ ಬಿತ್ತತೊಡಗಿದರು. "ಯಣ್ಣಾ, ಕೇಸು ಹಾಕೋಣು" ಅಂದಳು ತಂಗಿ. "ನಿನ್ನ ಹತ್ರ ಏನೈತವ್ವಾ? ಸುಮ್ನಿರು" ಅಂದೆ. ಎರಡು ಬಿತ್ತಿಗೆ ಹಂಗೇ ಹೋದವು. ತನ್ನ ಹೊಲ ಕಣ್ಣೆದುರು ಇದ್ದರೂ ಆಕೆ ಮಂದಿ ಹೊಲದಾಗ ಕೂಲಿಗೆ ಹತ್ತಿ ಬಿಡಿಸಿದಳು.

2023ರ ಕೊನೆಗೆ ಹತ್ತಿ ಮಾರಲು ರಾಯಚೂರಿಗೆ ಹೋಗಿದ್ದೆ. ಅಡತಿಯಲ್ಲಿ ಕೂತ ರೈತರೊಬ್ಬರು ನನ್ನ ಮಾತು ಕೇಳಿ, "ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗ್ರಿ, ಹೆಣ್ಮಕ್ಕಳಿಗೆ ಪುಕ್ಕಟೆ ವಕೀಲರನ್ನ ಕೊಡ್ತಾರ" ಅಂದರು. ಅಂಜುತ್ತಲೇ ಹೋದೆ. ಹೊಲ ಮಾನ್ವಿಯದಾದ್ದರಿಂದ ಅಲ್ಲಿನ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಲು ಹೇಳಿದರು.

ಯಾರಿಗೆ ಸಿಗುತ್ತದೆ?

ಇದು 1987ರ ಕಾಯ್ದೆ, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಜೈಲಿನಲ್ಲಿದ್ದವರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಉಚಿತ. ಉಳಿದವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ಆದಾಯ 3 ಲಕ್ಷ ರೂಪಾಯಿ ಮೀರಿರಬಾರದು. ವಕೀಲರ ಫೀಜು, ಕೋರ್ಟು ಫೀಜು ಎರಡೂ ನಾವು ಕೊಡಬೇಕಿಲ್ಲ.

ಪಹಣಿ, ಆಧಾರ್, ಗಂಡನ ಮರಣ ಪತ್ರ ಒಯ್ದು ಅರ್ಜಿ ಕೊಟ್ಟೆವು. ವಕೀಲರನ್ನು ನೇಮಿಸಿದರು. ಶಕ್ತಿ ಯೋಜನೆಯಿಂದ ತಂಗಿಗೆ ಬಸ್ ಚಾರ್ಜು ಉಳಿಯಿತು. ಆದರೆ ತಾರೀಖಿಗೊಂದು ಕೂಲಿ ಹೋಯಿತು. ಹದಿನಾಲ್ಕು ತಿಂಗಳು ತಿರುಗಾಡಿದೆವು. ಪುಕ್ಕಟೆ ಅಂದರೆ ಲಗೂನ ಆಗುತ್ತದೆ ಎಂದಲ್ಲ.

ಕಡೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ತಮ್ಮನ ಸಾಲ ತೀರಿಸಿದ್ದೇವೆಂದು ಮೈದುನರು ಅರ್ಧ ಎಕರೆ ಇಟ್ಟುಕೊಂಡರು. ಎರಡೂವರೆ ಎಕರೆ ತಂಗಿಗೆ ಬಂತು.

ಹೆಬ್ಬೆಟ್ಟು ಒತ್ತುವ ಮೊದಲು

ಲೋಕ ಅದಾಲತ್‌ನ ತೀರ್ಪು ಕೋರ್ಟಿನ ಡಿಕ್ರಿ ಇದ್ದಂತೆ. ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ರಾಜಿ ಪತ್ರವನ್ನು ಎರಡು ಸಲ ಓದಿಸಿ ಕೇಳಿದೆವು. ಸರ್ವೆ ನಂಬರು, ಎಕರೆ-ಗುಂಟೆ, ಚೆಕ್‌ಬಂದಿ ಸರಿ ಇವೆಯೇ ನೋಡಿದೆವು. ಮನಸ್ಸು ಒಪ್ಪದಿದ್ದರೆ ರಾಜಿ ಬೇಡ ಅನ್ನಬಹುದು. ಕೇಸು ಕೋರ್ಟಿನಲ್ಲೇ ಮುಂದುವರಿಯುತ್ತದೆ.

ಈ ಮುಂಗಾರಿಗೆ ತಂಗಿ ತನ್ನ ಹೊಲಕ್ಕೆ ತೊಗರಿ ಹಾಕಿದ್ದಾಳೆ. ಕೂರಿಗೆ ಹೊಡೆಯಲು ನಾನೇ ಹೋಗಿದ್ದೆ. ನನ್ನ ಮಾತು ಕೇಳಿ ಆಕೆ ಕಳಕೊಂಡ ಎರಡು ಬೆಳೆ ಮಾತ್ರ ತಿರುಗಿ ಬರಲಿಲ್ಲ. ಸಮಿತಿಯ ಬಾಗಿಲು ತಾಲೂಕಿನ ಕೋರ್ಟಿನಲ್ಲೇ ಇತ್ತು, ನಮಗೆ ಗೊತ್ತಿರಲಿಲ್ಲ. ನಿಮ್ಮ ಓಣಿಯಲ್ಲೂ ಇಂಥ ತಂಗಿಯರಿದ್ದಾರು. "ಸುಮ್ನಿರು" ಅನ್ನುವ ಮೊದಲು 15100ಕ್ಕೆ ಒಂದು ಫೋನು ಮಾಡಿಸಿರಿ.