ಸ್ವಂತ ಮನೆಯ ವಿನ್ಯಾಸ: ಮನೆಯವರು ಮತ್ತು ವಾಸ್ತುಶಿಲ್ಪಿ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಬಹುತೇಕ ಕುಟುಂಬಗಳು ಜೀವಮಾನದಲ್ಲಿ ಒಮ್ಮೆ ಮಾತ್ರ ಮನೆ ಕಟ್ಟಿಸುತ್ತವೆ. ಭವಿಷ್ಯನಿಧಿಯ ಹಣ, ಬ್ಯಾಂಕಿನ ಸಾಲ, ಅನೇಕ ವರ್ಷಗಳ ಉಳಿತಾಯ ಎಲ್ಲವೂ ಅದರಲ್ಲಿ ವಿನಿಯೋಗವಾಗುತ್ತವೆ. ಹೀಗಿದ್ದರೂ ನಕ್ಷೆಗಾಗಿ ನಾವು ಮೀಸಲಿಡುವ ಕಾಲ ಅತ್ಯಲ್ಪ. ಕಾಗದದ ಮೇಲಿನ ಗೋಡೆಯನ್ನು ರಬ್ಬರಿನಿಂದ ಅಳಿಸಬಹುದು. ಇಟ್ಟಿಗೆಯ ಗೋಡೆ ತಪ್ಪಾದರೆ ಕಟ್ಟಿದ್ದಕ್ಕೂ ಕೂಲಿ, ಕೆಡವಿದ್ದಕ್ಕೂ ಕೂಲಿ. ಆದುದರಿಂದ ವಾಸ್ತುಶಿಲ್ಪಿಯೊಡನೆ ಹೇಗೆ ವ್ಯವಹರಿಸಬೇಕೆಂಬುದನ್ನು ಮನೆ ಕಟ್ಟಿಸುವ ಪ್ರತಿಯೊಬ್ಬರೂ ಅರಿತಿರುವುದು ಅಗತ್ಯ.

ವಾಸ್ತುಶಿಲ್ಪಿ ಎಂದರೆ ಯಾರು?

1972ರ ವಾಸ್ತುಶಿಲ್ಪಿಗಳ ಅಧಿನಿಯಮದ ಮೇರೆಗೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿ ಪಡೆದವರು ಮಾತ್ರ 'ಆರ್ಕಿಟೆಕ್ಟ್' ಎಂಬ ಪದನಾಮವನ್ನು ಬಳಸಬಹುದು. ಆದರೆ ವಿನ್ಯಾಸದ ಕೆಲಸವನ್ನು ಇತರರು ಮಾಡುವುದನ್ನು ಈ ಅಧಿನಿಯಮ ನಿಷೇಧಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪು ನೀಡಿದೆ. ಆದ್ದರಿಂದ ನೋಂದಣಿ ಸಂಖ್ಯೆಯನ್ನು ಕೇಳಿ ಪರಿಶೀಲಿಸುವ ಹೊಣೆ ಮನೆಯವರದೇ. ಕಂಬ, ತೊಲೆ, ತಳಪಾಯಗಳ ಬಲವನ್ನು ಲೆಕ್ಕ ಹಾಕುವವರು ಸ್ಟ್ರಕ್ಚರಲ್ ಎಂಜಿನಿಯರರು. ದಿಕ್ಕು, ಆಯಗಳನ್ನು ನೋಡುವ ವಾಸ್ತು ಪಂಡಿತರು ಬೇರೆ. ವಾಸ್ತುವಿನಲ್ಲಿ ನಂಬಿಕೆಯುಳ್ಳವರು ಅದನ್ನು ಮೊದಲ ದಿನವೇ ತಿಳಿಸಬೇಕು. ನಕ್ಷೆ ಸಿದ್ಧವಾದ ಮೇಲೆ ಅಡುಗೆಮನೆಯನ್ನು ಆಗ್ನೇಯಕ್ಕೆ ಸರಿಸುವುದೆಂದರೆ ಇಡೀ ನಕ್ಷೆಯನ್ನು ಹೊಸದಾಗಿ ಬರೆದಂತೆಯೇ.

ಮೊದಲ ಭೇಟಿ

"ಮೂರು ಕೋಣೆಯ ಮನೆ ಬೇಕು" ಎಂದಷ್ಟೇ ಹೇಳಿದರೆ ವಾಸ್ತುಶಿಲ್ಪಿಗೆ ಏನೂ ಹೇಳಿದಂತಾಗುವುದಿಲ್ಲ. ಮನೆಯಲ್ಲಿ ಎಷ್ಟು ಜನ, ಬೆಳಗ್ಗೆ ಮೊದಲು ಏಳುವವರು ಯಾರು, ಮೆಟ್ಟಿಲು ಹತ್ತಲಾರದ ಹಿರಿಯರು ಇದ್ದಾರೆಯೇ, ಹಬ್ಬಕ್ಕೆ ಎಷ್ಟು ನೆಂಟರು ಉಳಿಯುತ್ತಾರೆ, ಮಕ್ಕಳು ಓದುವುದೆಲ್ಲಿ, ಹಪ್ಪಳ ಒಣಗಿಸುವುದೆಲ್ಲಿ ಎಂಬ ವಿವರಗಳಿಂದಲೇ ಮನೆಗೆ ರೂಪ ಬರುವುದು. ಈ ಮಾತುಕತೆಯಲ್ಲಿ ಗೃಹಿಣಿಯೂ ವೃದ್ಧರೂ ಭಾಗವಹಿಸುವುದು ಅಪೇಕ್ಷಣೀಯ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕಟ್ಟೆಯ ಎತ್ತರವನ್ನು ಅಲ್ಲಿ ನಿಂತು ಕೆಲಸ ಮಾಡದವರೇ ನಿರ್ಧರಿಸಿರುತ್ತಾರೆ!

ಹಣದ ಮಿತಿಯನ್ನು ಮುಚ್ಚಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಮಿತಿ ತಿಳಿಯದೆ ರಚಿಸಿದ ನಕ್ಷೆ ಅರ್ಧಕ್ಕೆ ನಿಂತ ಮನೆಗೆ ದಾರಿಯಾಗುತ್ತದೆ. ಮಿತಿಯನ್ನು ಅರಿತ ಕುಶಲರು ಅದರೊಳಗೇ ಒಳ್ಳೆಯ ಮನೆಯನ್ನು ಕಟ್ಟಬಲ್ಲರು. 1945ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬಂದು, ಮುಂದೆ ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ನಿಧನರಾದ ಲಾರಿ ಬೇಕರ್ ಇದಕ್ಕೆ ಶ್ರೇಷ್ಠ ನಿದರ್ಶನ. ಅಲ್ಪ ಆದಾಯದವರಿಗಾಗಿ ಅವರು ಅನೇಕ ಮನೆಗಳನ್ನು ಕಟ್ಟಿದರು. ನಿವೇಶನದ ಮರಗಳನ್ನು ಉಳಿಸಲು ಗೋಡೆಯನ್ನೇ ಬಳಸಿ ಒಯ್ಯುತ್ತಿದ್ದರು. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವ 'ರ್‍ಯಾಟ್ ಟ್ರ್ಯಾಪ್' ವಿಧಾನದಿಂದ ಸುಮಾರು ಶೇಕಡ 25ರಷ್ಟು ಇಟ್ಟಿಗೆ ಉಳಿಸುತ್ತಿದ್ದರು.

ನಕ್ಷೆಯ ಹಂತಗಳು

ಮೊದಲು ಕಲ್ಪನಾ ನಕ್ಷೆ, ಅನಂತರ ಅಳತೆ ಹಾಗೂ ಸ್ಥೂಲ ಅಂದಾಜು ಸಹಿತ ಪ್ರಾಥಮಿಕ ನಕ್ಷೆ, ಬಳಿಕ ಸ್ಥಳೀಯ ಸಂಸ್ಥೆಯ ಅನುಮೋದನೆಗೆ ಸಲ್ಲಿಸುವ ನಕ್ಷೆ, ಕೊನೆಗೆ ಗಾರೆಯವರು, ಬಡಗಿ, ವಿದ್ಯುತ್ ಕೆಲಸದವರು ಅನುಸರಿಸುವ ಕಾರ್ಯನಕ್ಷೆ, ಹೀಗೆ ಕೆಲಸ ಸಾಗುತ್ತದೆ. ಬದಲಾವಣೆ ಬಯಸುವವರಿಗೆ ಮೊದಲ ಎರಡು ಹಂತಗಳೇ ಸಕಾಲ.

ನಕ್ಷೆಯನ್ನು ಓದಲು ಬಾರದವರು ಸಂಕೋಚಪಡಬೇಕಾಗಿಲ್ಲ. ಬಯಲಿನಲ್ಲಿ ಸುಣ್ಣದಿಂದ ಕೋಣೆಯ ನಿಜ ಅಳತೆಯನ್ನು ಗುರುತಿಸಿ ಅದರೊಳಗೆ ನಡೆದು ನೋಡಬಹುದು. ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆಗೆ ಸೂಚಿಸುವ ಕನಿಷ್ಠ ಅಳತೆ 9.5 ಚದರ ಮೀಟರು, ಕನಿಷ್ಠ ಅಗಲ 2.4 ಮೀಟರು. ಅಷ್ಟು ಅಗಲದಲ್ಲಿ ಆರು ಅಡಿಯ ಜೋಡಿ ಮಂಚ ಹಾಕಿದರೆ ಪಕ್ಕದಲ್ಲಿ ಉಳಿಯುವುದು ಎರಡು ಅಡಿಗೂ ಕಡಿಮೆ. ನಿಯಮಕ್ಕೆ ಸಾಕಾದುದು ಬಾಳಿಗೆ ಸಾಕಾಗುವುದೆಂದೇನಿಲ್ಲ.

ಹವಾಗುಣವನ್ನೂ ಗಮನಿಸಬೇಕು. ಮುಂಬಯಿ, ಚೆನ್ನೈಗಳ ಸೆಕೆಗೆ ಎದುರುಬದುರು ಕಿಟಕಿಗಳು ಬೇಕು. ದೆಹಲಿಯಲ್ಲಿ ದಕ್ಷಿಣದ ಕಿಟಕಿಯ ಮೇಲಿನ ಸಜ್ಜವು ಬೇಸಿಗೆಯ ನೆತ್ತಿಯ ಬಿಸಿಲನ್ನು ತಡೆದು, ಚಳಿಗಾಲದ ಓರೆ ಬಿಸಿಲನ್ನು ಒಳಬಿಡುವಂತಿರಬೇಕು. ತಮಿಳುನಾಡಿನಲ್ಲಿ 2003ರಿಂದ ಮಳೆನೀರು ಸಂಗ್ರಹ ಕಡ್ಡಾಯ. ಮುಂಬಯಿಯಲ್ಲಿ ದುಡಿದು ಉಡುಪಿ ಅಥವಾ ಕುಂದಾಪುರದ ಕಡೆ ಮನೆ ಕಟ್ಟಿಸುವವರು ತಮ್ಮ ಫ್ಲಾಟಿನ ನಕ್ಷೆಯನ್ನೇ ಊರಿಗೆ ಒಯ್ದರೆ, ಕರಾವಳಿಯ ಮಳೆ ಮೊದಲ ವರ್ಷವೇ ಅದರ ದೋಷವನ್ನು ತೋರಿಸುತ್ತದೆ. ಅಲ್ಲಿನ ಇಳಿಜಾರು ಮಾಡು, ಮುಂಚಾಚಿದ ಸೂರುಗಳಿಗೆ ಕಾರಣವಿದೆ.

ಕರಾರು ಮತ್ತು ಶುಲ್ಕ

ಸೇವೆಯ ವ್ಯಾಪ್ತಿ, ಶುಲ್ಕ, ನಿವೇಶನಕ್ಕೆ ನೀಡುವ ಭೇಟಿಗಳ ಸಂಖ್ಯೆ, ಸ್ಟ್ರಕ್ಚರಲ್ ಎಂಜಿನಿಯರರ ಶುಲ್ಕವನ್ನು ಕೊಡುವವರು ಯಾರು ಎಂಬ ಅಂಶಗಳು ಲಿಖಿತ ಕರಾರಿನಲ್ಲಿರಬೇಕು. ಶುಲ್ಕವನ್ನು ಒಟ್ಟಿಗೆ ಕೊಡದೆ, ಹಂತ ಮುಗಿದಂತೆ ಕೊಡುವುದು ರೂಢಿ. ಕೆಲಸ ಆರಂಭವಾದ ಮೇಲೆ ಮೇಸ್ತ್ರಿಗೆ ನೇರವಾಗಿ ಬಾಯಿಮಾತಿನ ಸೂಚನೆ ಕೊಡಬಾರದು. ಪ್ರತಿ ಬದಲಾವಣೆಯೂ ವಾಸ್ತುಶಿಲ್ಪಿಯ ಮೂಲಕ, ಅದರ ವೆಚ್ಚದ ವಿವರದೊಡನೆ ಬರಹದಲ್ಲಿ ಹೋಗಬೇಕು. ದೂರದ ಊರಿನಲ್ಲಿದ್ದು ಮನೆ ಕಟ್ಟಿಸುವವರಿಗೆ ಈ ಎಚ್ಚರ ಇಮ್ಮಡಿಯಾಗಿ ಅನ್ವಯಿಸುತ್ತದೆ. ಹಣ ಪಡೆದು ನೀಡಿದ ಸೇವೆಯಲ್ಲಿ ನ್ಯೂನತೆ ಕಂಡುಬಂದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಪರಿಹಾರ ಕೋರಲು ಅವಕಾಶವಿದೆ. ಆಗ ಆಧಾರವಾಗುವುದು ಈ ಬರಹವೇ.

ವಾಸ್ತುಶಿಲ್ಪಿಗೆ ಕಟ್ಟಡ ತಿಳಿದಿರುತ್ತದೆ. ಆ ಮನೆಯಲ್ಲಿ ನಡೆಯಬೇಕಾದ ಬಾಳು ತಿಳಿದಿರುವುದು ಮನೆಯವರಿಗೆ ಮಾತ್ರ. ಅದನ್ನು ತೆರೆದ ಮನಸ್ಸಿನಿಂದ, ತಳಪಾಯ ತೋಡುವ ಮುನ್ನವೇ ಹೇಳಿದಲ್ಲಿ ಜೀವಮಾನದ ಉಳಿತಾಯವು ಜೀವಮಾನದ ನೆಮ್ಮದಿಯಾಗಿ ಪರಿಣಮಿಸುತ್ತದೆ.