ಟ್ರ್ಯಾಕ್ಟರಿನ ಎಣ್ಣೆ ಫಿಲ್ಟರು: ಅದು ಕಾರ್ಖಾನೆಯಲ್ಲಿ ತಯಾರಾಗುವ ಬಗೆ

ಎತ್ತುಗಳ ಗೊರಸನ್ನೂ ಲಾಳವನ್ನೂ ಮೇವನ್ನೂ ನೋಡಿಕೊಳ್ಳುವುದರಲ್ಲಿ ನಮ್ಮ ಬೇಸಾಯಗಾರರು ಬಹು ನಿಪುಣರು. ಈಗ ಉಳುಮೆ, ಒಕ್ಕಣೆ, ಸಾಗಾಣಿಕೆ ಇವೆಲ್ಲವೂ ಅನೇಕ ಗ್ರಾಮಗಳಲ್ಲಿ ಟ್ರ್ಯಾಕ್ಟರಿನಿಂದಲೇ ನಡೆಯುತ್ತಿರುವುವು. ಆದರೆ ಎತ್ತಿನ ಆರೈಕೆಯಲ್ಲಿ ತೋರುತ್ತಿದ್ದ ಎಚ್ಚರವನ್ನು ಇಂಜಿನಿನ ವಿಷಯದಲ್ಲಿ ತೋರುವವರು ವಿರಳ. ಅದರಲ್ಲಿಯೂ ಇಂಜಿನಿನ ಪಕ್ಕದಲ್ಲಿ ತಿರುಪಿನಿಂದ ಕೂಡಿಸಿರುವ ಎಣ್ಣೆ ಫಿಲ್ಟರು ಎಂಬ ಚಿಕ್ಕ ಡಬ್ಬಿಯ ಕಡೆಗೆ ಗಮನವೇ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಸರ್ಕಲಿಗೆ ಸೇರಿದ ಭೂಮಾಲೀಕರೊಬ್ಬರ ಟ್ರ್ಯಾಕ್ಟರು ರಾಗಿಯ ಒಕ್ಕಣೆಯ ಕಾಲದಲ್ಲಿಯೇ ನಿಂತುಹೋಯಿತು. ಇಂಜಿನನ್ನು ಬಿಚ್ಚಿ ನೋಡಲಾಗಿ ಬೇರಿಂಗುಗಳೆಲ್ಲವೂ ಗೀರು ಬಿದ್ದು ಸವೆದಿದ್ದುವು. ಮೆಕ್ಯಾನಿಕನು ಫಿಲ್ಟರನ್ನು ಗರಗಸದಿಂದ ಕೊಯ್ದು ನಮ್ಮ ಮುಂದಿಟ್ಟನು. ಒಳಗಿನ ಕಾಗದವು ಅಂಟು ಬಿಟ್ಟು ಒಂದು ಮಗ್ಗುಲಿಗೆ ಸರಿದಿದ್ದಿತು. ಎಣ್ಣೆಯು ಸೋಸದೆಯೇ ಹರಿದಿದ್ದಿತು. ಆ ಡಬ್ಬಿಯನ್ನು ಬಿಲ್ಲಿಲ್ಲದೆ ಅಗ್ಗವಾಗಿ ಕೊಂಡಿದ್ದರು. "ಹೊರಗಿನ ಬಣ್ಣ ಒಂದೇ ಇತ್ತಲ್ಲಾ ಸ್ವಾಮಿ" ಎಂದು ಅವರು ವ್ಯಸನಪಟ್ಟರು. ಬಣ್ಣದ ಒಳಗೆ ಏನಿರಬೇಕೆಂಬುದನ್ನು ತಿಳಿದರೆ ಇಂಥ ನಷ್ಟವು ತಪ್ಪುವುದು. ಆದಕಾರಣ ಅದರ ತಯಾರಿಕೆಯ ಕ್ರಮವನ್ನು ಇಲ್ಲಿ ವಿವರಿಸಿದೆ.

ಇಂಜಿನು ನಡೆಯುವಾಗ ಮಸಿಯೂ ಲೋಹದ ಸವಕಳಿಯ ಪುಡಿಯೂ ಹೊರಗಿನ ಧೂಳೂ ಎಣ್ಣೆಯಲ್ಲಿ ಸೇರುತ್ತವೆ. ಇವನ್ನು ತಡೆಯಲು ಅಮೆರಿಕಾದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬವರು 1923ರಲ್ಲಿ ಮೋಟಾರುಗಳಿಗೆ ಎಣ್ಣೆ ಸೋಸುವ ಸಾಧನವನ್ನು ಕಲ್ಪಿಸಿ ಪ್ಯೂರೊಲೇಟರ್ ಎಂದು ಹೆಸರಿಟ್ಟರು. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಮನುಷ್ಯನ ಕೂದಲಿನ ದಪ್ಪವು ಸುಮಾರು 70 ಮೈಕ್ರಾನ್. ಒಳ್ಳೆಯ ಫಿಲ್ಟರು 20ರಿಂದ 30 ಮೈಕ್ರಾನ್ ಗಾತ್ರದ ಕಣಗಳಲ್ಲಿ ಬಹುಭಾಗವನ್ನು ಹಿಡಿಯತಕ್ಕದ್ದು.

ಫಿಲ್ಟರಿನ ಜೀವವು ಅದರ ಕಾಗದದಲ್ಲಿರುವುದು. ಇದು ಬರೆಯುವ ಕಾಗದವಲ್ಲ. ಮರದ ನಾರಿನಿಂದಲೂ, ಕೆಲವು ವೇಳೆ ಕೃತಕ ನಾರನ್ನು ಬೆರೆಸಿಯೂ ಇದನ್ನು ಮಾಡಿ, ಬಿಸಿ ಎಣ್ಣೆಯಲ್ಲಿ ಮೆತ್ತಗಾಗದಂತೆ ರೆಸಿನ್ ಎಂಬ ರಾಳದಂಥ ದ್ರವ್ಯವನ್ನು ಹೀರಿಸಿರುವರು. ಕಾರ್ಖಾನೆಯಲ್ಲಿ ಕಾಗದದ ದೊಡ್ಡ ಸುರುಳಿಯನ್ನು ಬೇಕಾದ ಅಗಲಕ್ಕೆ ಸೀಳಿ, ಯಂತ್ರದಿಂದ ಸೀರೆಯ ನಿರಿಗೆಯಂತೆ ಮಡಿಸಿ, ಕಾವಿನ ಗೂಡಿನಲ್ಲಿ ಹಾಯಿಸುವರು. ಆಗ ರೆಸಿನ್ ಗಟ್ಟಿಯಾಗಿ ನಿರಿಗೆಯು ನಿಲ್ಲುವುದು. ನಿರಿಗೆಯಿಂದ ಅಂಗೈಯಗಲದ ಡಬ್ಬಿಯಲ್ಲಿಯೂ ವಿಶಾಲವಾದ ಕಾಗದವು ಅಡಗುವುದು. ನಿರಿಗೆಗಳ ನಡುವಣ ಅಂತರವು ಸಮನಾಗಿರಬೇಕು. ಒಂದಕ್ಕೊಂದು ಅಂಟಿಕೊಂಡರೆ ಅಲ್ಲಿ ಎಣ್ಣೆಯು ನುಗ್ಗಲಾರದು.

ಅನಂತರ ಕಾಗದದ ಎರಡು ತುದಿಗಳನ್ನು ಕೂಡಿಸಿ ಬಳೆಯಂತೆ ಮಾಡಿ, ನಡುವೆ ರಂಧ್ರಗಳುಳ್ಳ ಉಕ್ಕಿನ ಕೊಳವೆಯನ್ನು ಇಡುವರು. ಇದಿಲ್ಲದಿದ್ದರೆ ಎಣ್ಣೆಯ ಒತ್ತಡಕ್ಕೆ ಕಾಗದವು ಒಳಕ್ಕೆ ಕುಸಿಯುವುದು. ಮೇಲೂ ಕೆಳಗೂ ತಗಡಿನ ಬಿಲ್ಲೆಗಳಿಗೆ ಅಂಟನ್ನು ಸುರಿದು, ಕಾಗದದ ಅಂಚುಗಳನ್ನು ಅದರಲ್ಲಿ ಕೂರಿಸಿ ಕಾಯಿಸುವರು. ಮೇಲೆ ಹೇಳಿದ ಫಿಲ್ಟರು ಕೆಟ್ಟದ್ದು ಈ ಹಂತದ ಉದಾಸೀನತೆಯಿಂದಲೇ.

ಹೊರಗಿನ ಡಬ್ಬಿಯನ್ನು ಉಕ್ಕಿನ ತಗಡಿನ ಬಿಲ್ಲೆಯಿಂದ ಮಾಡುವರು. ಭಾರವಾದ ಪ್ರೆಸ್ಸಿನಲ್ಲಿ ಅಚ್ಚಿಗೆ ಒತ್ತಲು ಅದು ಬೆಸುಗೆಯಿಲ್ಲದೆ ಲೋಟದ ಆಕಾರಕ್ಕೆ ಬರುವುದು. ಬಾಯಿಗೆ ಹಾಕುವ ದಪ್ಪ ತಟ್ಟೆಯ ನಡುವೆ ತಿರುಪಿನ ಸುತ್ತುಗಳನ್ನು ಕೊರೆದು, ಸುತ್ತಲೂ ಎಣ್ಣೆಯು ಒಳಹೋಗಲು ರಂಧ್ರಗಳನ್ನು ಮಾಡುವರು.

ಡಬ್ಬಿಯೊಳಗೆ ಸಾಮಾನ್ಯವಾಗಿ ಎರಡು ವಾಲ್ವುಗಳಿರುತ್ತವೆ. ಒಂದು ರಬ್ಬರಿನದು. ಬಾವಿಯ ಪಂಪಿನ ಫುಟ್ ವಾಲ್ವು ನೀರನ್ನು ಹಿಡಿದಿಡುವಂತೆ, ಇಂಜಿನು ನಿಂತಾಗ ಇದು ಎಣ್ಣೆಯನ್ನು ಫಿಲ್ಟರಿನಲ್ಲಿಯೇ ನಿಲ್ಲಿಸುವುದು. ಇದು ಕೆಟ್ಟರೆ ಪ್ರತಿ ಬೆಳಗ್ಗೆ ಇಂಜಿನು ಕೆಲವು ಕ್ಷಣ ಎಣ್ಣೆಯಿಲ್ಲದೆ ಓಡುವುದು. ಇನ್ನೊಂದು ಸ್ಪ್ರಿಂಗಿನದು. ಕಾಗದವು ಕಸದಿಂದ ಕಟ್ಟಿಕೊಂಡಾಗ ಇದು ತೆರೆದು ಎಣ್ಣೆಯನ್ನು ಸೋಸದೆಯೇ ಬಿಡುವುದು. ಇಂಜಿನಿಗೆ ಎಣ್ಣೆಯೇ ಇಲ್ಲದಿರುವುದಕ್ಕಿಂತ ಹೊಲಸು ಎಣ್ಣೆಯಾದರೂ ಮೇಲೆಂಬುದು ಇದರ ತತ್ವ. ಆದುದರಿಂದ ಅವಧಿ ಮೀರಿದ ಫಿಲ್ಟರಿದ್ದರೂ ಇಂಜಿನು ಓಡುತ್ತಲೇ ಇರುವುದು. ರೈತನಿಗೆ ಕೆಡುಕು ಕಾಣುವುದಿಲ್ಲ. ಕೆಲವು ಇಂಜಿನುಗಳಲ್ಲಿ ಈ ವಾಲ್ವು ಫಿಲ್ಟರಿಗೆ ಬದಲಾಗಿ ಇಂಜಿನಿನಲ್ಲಿಯೇ ಇರುವುದುಂಟು. ಆದಕಾರಣ ತಿರುಪು ಕೂಡಿತೆಂದು ಯಾವುದೋ ಫಿಲ್ಟರನ್ನು ಹಾಕತಕ್ಕದ್ದಲ್ಲ.

ಕೊನೆಗೆ ಎಲ್ಲವನ್ನೂ ಜೋಡಿಸಿ, ಎಣ್ಣೆಯ ತಗಡಿನ ಡಬ್ಬಿಗಳನ್ನು ಮುಚ್ಚುವಂತೆ ಅಂಚುಗಳನ್ನು ಒಂದರೊಳಗೊಂದು ಮಡಿಸಿ ಒತ್ತುವರು. ಸೈಕಲ್ ಟ್ಯೂಬಿನ ತೂತನ್ನು ಹುಡುಕುವಂತೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಸೋರಿಕೆಯನ್ನು ಪರೀಕ್ಷಿಸುವ ಪದ್ಧತಿಯುಂಟು. ಮಾದರಿಗೆ ಕೆಲವನ್ನು ತೆಗೆದು, ನುಣ್ಣನೆಯ ಧೂಳನ್ನು ಬೆರೆಸಿದ ಎಣ್ಣೆಯನ್ನು ಹಾಯಿಸಿ ಎಷ್ಟು ಹಿಡಿಯಿತೆಂದು ಅಳೆಯುವರು. ಬಣ್ಣ ಹಚ್ಚುವುದು ಬಹುಮಟ್ಟಿಗೆ ಕಡೆಯ ಕೆಲಸ. ಅನುಕರಣ ಮಾಡಲು ಎಲ್ಲಕ್ಕಿಂತ ಸುಲಭವಾದುದೂ ಅದೇ.

ಈ ಕಾರಣಗಳಿಂದ ಭೂಮಾಲೀಕರು ಟ್ರ್ಯಾಕ್ಟರಿನ ಕೈಪುಸ್ತಕದಲ್ಲಿ ಹೇಳಿರುವ ನಂಬರಿನ ಫಿಲ್ಟರನ್ನೇ ನಂಬಿಕೆಯುಳ್ಳ ಅಂಗಡಿಯಲ್ಲಿ ಬಿಲ್ಲು ಪಡೆದು ಕೊಳ್ಳತಕ್ಕದ್ದು. ಅದರಲ್ಲಿ ಹೇಳಿರುವಷ್ಟು ಗಂಟೆಗಳಾದೊಡನೆ ಎಣ್ಣೆಯನ್ನೂ ಫಿಲ್ಟರನ್ನೂ ಕೂಡಿಯೇ ಬದಲಾಯಿಸತಕ್ಕದ್ದು. ಹಳೆಯ ರಬ್ಬರ್ ಉಂಗುರವು ಇಂಜಿನಿಗೆ ಅಂಟಿಕೊಂಡಿಲ್ಲವೆಂದು ನೋಡಿ, ಹೊಸ ಉಂಗುರಕ್ಕೆ ಶುದ್ಧವಾದ ಎಣ್ಣೆಯನ್ನು ಸವರಿ, ಕೈಯಿಂದಲೇ ಬಿಗಿಮಾಡಬೇಕು. ಬಳಸಿದ ಎಣ್ಣೆಯನ್ನು ಹೊಲದಲ್ಲಾಗಲಿ ಬಾವಿಯ ಬಳಿಯಲ್ಲಾಗಲಿ ಚೆಲ್ಲಬಾರದು.

ಗ್ರಾಮದ ಮುಖಂಡರಲ್ಲಿ ನನ್ನ ಬಿನ್ನಹವೊಂದುಂಟು. ತೆಗೆದುಹಾಕಿದ ಹಳೆಯ ಫಿಲ್ಟರೊಂದನ್ನು ಊರಿನ ಟ್ರ್ಯಾಕ್ಟರ್ ಚಾಲಕರ ಎದುರಿನಲ್ಲಿ ಕೊಯ್ಸಿ, ಅದರ ನಿರಿಗೆಗಳಲ್ಲಿ ಕುಳಿತಿರುವ ಕಪ್ಪು ಕೆಸರನ್ನು ತೋರಿಸಬೇಕು. ನಾನು ಹೇಳಿದ ಮಾತುಗಳಿಗಿಂತ ಆ ಒಂದು ನೋಟವು ಹೆಚ್ಚು ಇಂಜಿನುಗಳನ್ನು ಉಳಿಸುವುದೆಂದು ನಂಬಿದ್ದೇನೆ.